ಮೂರು ದಿನದ ಕಡ

ಶುಕ್ರವಾರ ಜುಮಾ ಮುಗಿಸಿ ಬಂದ ಸೀದಿಕುಂಞಿ
ಸ್ಟುಡಿಯೋದ ಕೌಂಟರಿನ ಮೇಲಿಟ್ಟ:
ಇಪ್ಪತ್ತನಾಲ್ಕು ಎಂಎಂ, ಒಂದು ಪಾಯಿಂಟ್ ನಾಲ್ಕು,
ಶಾರ್ಜಾದ ಸಾಮಾನು.
"ಸೋಮವಾರದವರೆಗೆ ನಿನ್ನ ಹತ್ತಿರ ಇರಲಿ ಮಾರಾಯ.
ಬೇಕಾದರೆ ದುಡ್ಡು ಕೊಡು, ಬೇಡವಾದರೆ ಲೆನ್ಸು."

ತೂಗಿ ನೋಡಿದೆ. ಅರ್ಧ ಬೊಂಡದ ಭಾರ.
ಮುಂದಿನ ಗಾಜು ಎಮ್ಮೆಯ ಕಣ್ಣು, ಕಪ್ಪು, ತೇವ;
ಅದರೊಳಗೆ ಒಬ್ಬ ನಾನು ನೆಟ್ಟಗೆ,
ಅವನ ಬೆನ್ನಿಗೆ ಇನ್ನೊಬ್ಬ ತಲೆಕೆಳಗೆ,
ಇಬ್ಬರ ಹಿಂದೆ ಕುಂಬಳೆ ಪೇಟೆ.

ಹೊರದೇಶದವರು ಇಟ್ಟಿಗೆ ಗೋಡೆಯ ಪಟ ತೆಗೆದು ನೋಡುತ್ತಾರಂತೆ.
ನಮ್ಮಲ್ಲಿ ಇಟ್ಟಿಗೆ ಎಲ್ಲಿ, ಮುರಕಲ್ಲು.
ಶಾಲೆಯ ಹಿಂದೆ ಟ್ರೈಪಾಡ್ ಊರಿ ಒತ್ತಿದೆ.
ಗೆರೆ ಬಾಗಿದೆ ತುಸು, ಉಂಡ ಹೊಟ್ಟೆಯ ಹಾಗೆ.
ಬೈಯುವುದು ಲೆನ್ಸನ್ನೋ, ಕಟ್ಟಿದ ಮೇಸ್ತ್ರಿಯನ್ನೋ?

ಆಮೇಲೆ ಪಂಚಾಯತಿನ ಬೋರ್ಡು.
ನಡುವೆ ದಪ್ಪ ಮಲಯಾಳ,
ಕೆಳಗೆ ಬಲಮೂಲೆಯಲ್ಲಿ ಕನ್ನಡ, ಬಾಡಿಗೆಗೆ ಕುಳಿತವರ ಹಾಗೆ.
ಚೌಕಟ್ಟಿನ ತುಂಬ ತುಂಬಿಸಿ, ಪೂರ್ತಿ ತೆರೆದು ಒತ್ತಿದೆ.
ಪರದೆಯಲ್ಲಿ ಹಿಗ್ಗಿಸಿದರೆ
ನಡುವಿನ ಅಕ್ಷರ ಹೊಸ ಬ್ಲೇಡು,
ಎದ್ದ ಪೇಂಟಿನ ಚಕ್ಕೆ ಎಣಿಸಬಹುದು.
ಮೂಲೆಗೆ ಹೋದೆ: ತಲೆಕಟ್ಟು ಕರಗಿದೆ,
ಪ ಎಂದದ್ದು ಷ ಇರಬಹುದು, ಸ ಕೂಡ ಇರಬಹುದು,
ಒತ್ತಕ್ಷರಗಳಿಗೆ ನೇರಳೆ ನೆರಳು.

ನಗು ಬಂತು. ಈ ಗಾಜಿಗೆ ಯಾವ ಕಚೇರಿಯೂ
ಹೇಳಿಕೊಟ್ಟದ್ದಲ್ಲ.
ದುಂಡಗಿನ ಕಣ್ಣಿನಿಂದ ಚೌಕದ ಚಿತ್ರ ಕೊಯ್ದರೆ
ಮೂಲೆಗೆ ಬೆಳಕು ಓರೆದಾರಿಯಲ್ಲಿ ನಡೆದು ಬರಬೇಕು,
ಬರುವಾಗ ದಣಿದಿರುತ್ತದೆ.

ಎರಡು. ಎರಡು ಪಾಯಿಂಟ್ ಎಂಟು. ನಾಲ್ಕು.
ಕಣ್ಣು ಕಿರಿದು ಮಾಡಿದಂತೆ ಅಕ್ಷರಗಳು ಎದ್ದು ಕುಳಿತವು.
ಐದು ಪಾಯಿಂಟ್ ಆರಕ್ಕೆ ಎಲ್ಲವೂ ನಿಚ್ಚಳ,
'ಗ್ರಮ ಪಂಚಾಯತು' ಎಂಬ ತಪ್ಪು ಕೂಡ.
ಹತ್ತು ವರ್ಷ ಅದರಡಿಯಲ್ಲೇ ಬಸ್ಸು ಕಾದಿದ್ದೇನೆ,
ಒಂದು ದೀರ್ಘ ಬಿಟ್ಟುಹೋದದ್ದು ನೋಡಿರಲಿಲ್ಲ.

ಶನಿವಾರ ಪೈವಳಿಕೆಯಲ್ಲಿ ಮದುವೆ.
ಅಂಗಳ ಇಕ್ಕಟ್ಟು, ಕುಟುಂಬ ದೊಡ್ಡದು.
ಬಾವಿಕಟ್ಟೆಗೆ ಬೆನ್ನು ಕೊಟ್ಟು ನಿಂತರೂ
ನಲವತ್ತೆರಡು ಜನ ಹಿಡಿಸಿದರು, ಲೆನ್ಸು ಗೆದ್ದಿತು.
ಆದರೆ ದೇಯಕ್ಕ,
ಎಲ್ಲ ಮದುವೆಯಲ್ಲೂ ತಾನಾಗಿಯೇ ತುದಿಗೆ ಹೋಗಿ ನಿಲ್ಲುವವಳು,
ಪರದೆಗೆ ಇಣುಕಿ ಅಂದಳು:
"ಹಂಚಿಕಡ್ಡಿಯ ಹಾಗಿದ್ದವಳನ್ನು ಹಲಸಿನಹಣ್ಣು ಮಾಡಿದೆಯಲ್ಲ!"
ಅಕ್ಕಾ, ತುದಿಯವರನ್ನು ಇದು ಹೊರಕ್ಕೆ ಎಳೆಯುತ್ತದೆ ಅಂದೆ.
"ಎಳೆಯಲಿ. ಎಳೆಯದೆ ಬಿಟ್ಟವರು ಯಾರು?"
ಸೆರಗು ಸರಿಮಾಡಿ ಮತ್ತೆ ಅಲ್ಲೇ ನಿಂತಳು.

ಭಾನುವಾರ ರಾತ್ರಿ ಕೊಯಿಪ್ಪಾಡಿ ಕಡಪ್ಪುರ.
ಅಮಾವಾಸ್ಯೆ, ಮೇಲಿಂದ ಕರೆಂಟಿಲ್ಲ.
ದೂರದ ದೋಣಿದೀಪಗಳು ಚಿತ್ರದ ಮೂಲೆಗೆ ಬಂದಾಗ
ಒಂದೊಂದಕ್ಕೂ ರೆಕ್ಕೆ.
ಇದಕ್ಕೆ ದೋಷವೆಂದೇ ಹೆಸರು, ಕೋಮಾ ಅನ್ನುತ್ತಾರೆ.
ನನಗೆ ಮಳೆಹುಳದ ಹಾಗೆ ಕಂಡವು,
ಅಳಿಸಲು ಮನಸ್ಸಾಗಲಿಲ್ಲ.

ನಡುವೆ ಒಬ್ಬ,
ಮೊಬೈಲನ್ನು ಹಲ್ಲಲ್ಲಿ ಕಚ್ಚಿ, ಅದರ ಬೆಳಕಲ್ಲಿ ಬಲೆ ಹೊಲಿಯುತ್ತಿದ್ದ.
ನನ್ನ ಹಳೆಯ ಝೂಮಿಗೆ ಅವನೊಂದು ಮಸುಕು;
ಇದಕ್ಕೆ ಬೆರಳು, ನೂಲು, ಗಂಟು,
ಉಗುರಿಗೆ ಅಂಟಿ ಒಣಗಿದ ಹುರುಪೆ.
ಉಸಿರು ಹಿಡಿದು ತೆಗೆದೆ, ಅವನಿಗೆ ತಿಳಿಯಲೂ ಇಲ್ಲ.
ಅದೇ ಸ್ವಲ್ಪ ಕಸಿವಿಸಿ.
ಕತ್ತಲು ತನ್ನದೆಂದು ಕೂತಿದ್ದ,
ನಾನು ಒಂದು ಪಾಯಿಂಟ್ ನಾಲ್ಕರಲ್ಲಿ ಒಳಹೊಕ್ಕೆ.

ಹೋಗಿ ತೋರಿಸಿದೆ.
ಮುಖ ನೋಡಲಿಲ್ಲ; ಬಲೆ ಇದ್ದಲ್ಲಿ ಹಿಗ್ಗಿಸಲು ಹೇಳಿದ,
ಇನ್ನೂ, ಇನ್ನೂ ಎಂದ.
"ಇಲ್ಲಿ ಒಂದು ಕಣ್ಣು ತಪ್ಪಿದೆ" ಎಂದು ಮಲಯಾಳದಲ್ಲಿ ಗೊಣಗಿ
ಅಷ್ಟುದ್ದವೂ ಬಿಚ್ಚತೊಡಗಿದ.

ಇವತ್ತು ಸೋಮವಾರ.
ನಡು ಚಂದ ಉಂಟು, ಮೂಲೆ ಮೆತ್ತಗೆ,
ಗೆರೆ ಬಾಗುತ್ತದೆ, ದೇಯಕ್ಕನ ದೂರು ಬೇರೆ,
ಐದು ಸಾವಿರ ಇಳಿಸು ಸೀದಿಕುಂಞಿ,
ಎಂದು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ.
ಫೋಕಸ್ ರಿಂಗು ತಿರುಗಿಸಿದರೆ ಕರಕರ, ಒಂದು ಕಾಳು ಮರಳು,
ಕೊಯಿಪ್ಪಾಡಿಯದು.
ಆ ಮಾತು ಮಾತ್ರ ಎತ್ತುವುದಿಲ್ಲ.